ಗುರಿಯ ಸಾಲು

ಕೊಚಬಾಂಬಾದ ಆಸ್ಪತ್ರೆಯಲ್ಲಿ
ತನ್ನ ಎದೆಯ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು
ಮಾವ ತಿಬುರ್ಸಿಯೊ ಹೇಳಿದ:
ಎಷ್ಟು ಉಬ್ಬಿದೆ ನೋಡು,
ತಂತಿ ಕಟ್ಟಿದ್ದರೆ ಚರಾಂಗೊ ಆಗುತ್ತಿತ್ತು.

ಐಕಿಲೆಯಲ್ಲಿ ವಾದ್ಯ ಕೆತ್ತುವವನು ಅವನು.
ಮಣ್ಣಿನ ಗೋಡೆ, ಹುಲ್ಲಿನ ಸೂರು.
ನಲವತ್ತು ವರ್ಷದ ಹಿಂದೆ ಒಂದು ರಾತ್ರಿ
ಸೂರಿನಿಂದಿಳಿದ ವಿಂಚುಕ ತಿಗಣೆ
ರೆಪ್ಪೆಯ ಪಕ್ಕ ಕಚ್ಚಿ, ಹೇತು, ಹೋಯಿತು.
ನಿದ್ದೆಗಣ್ಣಲ್ಲಿ ತುರಿಸಿಕೊಂಡ. ಅಷ್ಟೇ.
ನೀನು ಒಳಗೆ ಬಂದದ್ದು ಹಾಗೆ,
ಬಾಗಿಲು ತೆರೆದದ್ದು ಅವನದೇ ಉಗುರು.

ನಿನಗೊಂದು ಖಾತೆ ಪುಸ್ತಕ ಬರೆದಿದ್ದೇನೆ ನಾನು.
ಸಕ್ಕರೆ ಎಷ್ಟು ಒಳಗೆ, ಹುಳಿ ಎಷ್ಟು ಹೊರಗೆ,
ಯಾವ ಕಿಣ್ವ ಯಾವುದನ್ನು ಮುರಿದು ಯಾರ ಕೈಗೆ ದಾಟಿಸುತ್ತದೆ,
ಮಾವನ ಎದೆಯಿಂದ ಎಷ್ಟು ಕೊಬ್ಬು ಕಡ ತಂದೆ
(ಕಡವೇ? ತಿರುಗಿ ಕೊಟ್ಟವನೇ ನೀನು?)
ಒಂಬೈನೂರ ಹದಿನಾರು ಸಾಲು.
ಬಂದದ್ದಕ್ಕೆ ಹೋದದ್ದು ಸರಿತೂಗಬೇಕು;
ತೂಗದಿದ್ದರೆ ಗಣಕ ಕೆಂಪಗೆ ಸಿಡುಕುತ್ತದೆ,
ಸಂತೆಯಲ್ಲಿ ಆಲೂಗಡ್ಡೆ ಮಾರುವ ದೋನ್ಯಾ ಎಲ್ವೀರಳ ಹಾಗೆ.

ಎಲ್ಲಕ್ಕೂ ಕೆಳಗೆ ಒಂದು ಸಾಲು:
ಗುರಿ = ಬೆಳವಣಿಗೆ.
ಹಾಗೆ ಬರೆಯುವುದು ವಾಡಿಕೆ.
ಬದುಕುವುದೆಂದರೆ ಆದಷ್ಟು ಬೇಗ ಎರಡಾಗುವುದು,
ಎರಡು ನಾಲ್ಕಾಗುವುದು,
ಅದರಾಚೆಗೆ ನಿನಗೆ ಆಸೆ ಇರಲಾರದು ಅಂದುಕೊಂಡೆ.

ಆಮೇಲೆ ಕೊಲ್ಲುವುದು ಸುಲಭ.
ಒಂದೊಂದೇ ಸಾಲಿಗೆ ಸೊನ್ನೆ ಬರೆದು ಕೇಳುವುದು: ಇದಿಲ್ಲದೆ?
ಇದಿಲ್ಲದೆ ಬೆಳೆದೆ.
ಇದಿಲ್ಲದೆ ಕುಂಟುತ್ತ ಬೆಳೆದೆ.
ಇದಿಲ್ಲದೆ ಸುತ್ತುದಾರಿ ಹಿಡಿದು, ಬೆವರಿ, ಆದರೂ ಬೆಳೆದೆ.
ಇದಿಲ್ಲದೆ,
ಸೊನ್ನೆ.
ರಾತ್ರಿ ಎರಡೂವರೆಯ ಹೊತ್ತಿಗೆ ನಲವತ್ತೊಂದು ಸಲ ಸತ್ತಿದ್ದೆ ನೀನು,
ರಕ್ತವಿಲ್ಲ, ವಾಸನೆಯಿಲ್ಲ,
ನನ್ನ ಕೋಕಾ ಚಹಾ ಇನ್ನೂ ಆರಿರಲಿಲ್ಲ.

ಪಟ್ಟಿಯ ಮೊದಲ ಹೆಸರನ್ನು
ಕೆಳಮಹಡಿಯ ಪ್ರಯೋಗಶಾಲೆಯ ಹೆರ್ಲಿಂದಾಗೆ ಕೊಟ್ಟೆ.
ತಿಂಗಳುಗಟ್ಟಲೆ ಹುಡುಕಿ ತಕ್ಕ ಮದ್ದು ತಂದಳು.
ಹನ್ನೊಂದು ದಿನ. ತಟ್ಟೆಯಲ್ಲಿ ನೀನಿಲ್ಲ.
ಕುಣಿದೆವು, ಹೌದು, ಬಿಳಿ ಕೋಟಿನಲ್ಲೇ.
ಮದ್ದು ತೊಳೆದು ತೆಗೆದ ಮೂರನೆಯ ವಾರ
ಹೆರ್ಲಿಂದಾ ಮೆಟ್ಟಿಲು ಹತ್ತಿ ಬಂದು
ಮಾತಾಡದೆ ಒಂದು ಚಿತ್ರ ಮೇಜಿನ ಮೇಲಿಟ್ಟಳು.

ಇದ್ದೆ.
ಜೀವಕೋಶದ ಮೂಲೆಯಲ್ಲಿ ಒಂಟಿಯಾಗಿ, ದುಂಡಗೆ.
ಬೆಳೆದಿರಲಿಲ್ಲ, ಎರಡಾಗಿರಲಿಲ್ಲ.
ಸುಮ್ಮನೆ.

ಆ ಭಾನುವಾರ ಬಸ್ಸು ಹಿಡಿದು ಐಕಿಲೆಗೆ ಹೋದೆ.
ಮಾವನ ಅಟ್ಟದಲ್ಲಿ ಜಕರಂದಾ ಹಲಗೆಗಳು,
ಅವನ ಅಪ್ಪ ಕಡಿದಿಟ್ಟವು.
ಏನು ಮಾಡುತ್ತವೆ ಅಲ್ಲಿ, ಅಂದೆ.
ಏನೂ ಇಲ್ಲ, ಅದೇ ಅವುಗಳ ಕೆಲಸ, ಅಂದ.
ಹಸಿ ಮರಕ್ಕೆ ಇನ್ನೂ ಬೆಳೆಯುವ ಚಪಲ, ಬಿರಿಯುತ್ತದೆ.
ಸುಮ್ಮನಿರಲು ಕಲಿತದ್ದು ಯಾರಪ್ಪನ ಕಾಲಕ್ಕೂ ಕೆಡದು.
ಹೇಳುತ್ತ ಹೇಳುತ್ತ ಎದೆ ಸವರಿಕೊಂಡ,
ಚರ್ಮದಡಿಯ ಬೆಂಕಿಪೊಟ್ಟಣದಷ್ಟು ಪೇಸ್‌ಮೇಕರನ್ನು.

ಹಿಂತಿರುಗುವ ಬಸ್ಸಿನಲ್ಲೇ ಅಳಿಸಿದೆ ಆ ಸಾಲು.
ನಿನಗೇನು ಬೇಕೆಂದು ನನಗೆ ಗೊತ್ತಿರಲಿಲ್ಲ;
ನನಗೇನು ಬೇಕೋ ಅದನ್ನು ನಿನ್ನ ಹೆಸರಿಗೆ ಬರೆದಿದ್ದೆ.
ಈಗ ಬರೆದದ್ದು:
ಗುರಿ = ಆರದೆ ಇರುವುದು.
ಬೂದಿ ಮುಚ್ಚಿದ ಕೆಂಡಕ್ಕೆ ಬೇಕಾದಷ್ಟು ಗಾಳಿ,
ಅದಕ್ಕಿಂತ ಒಂದು ಉಸಿರೂ ಹೆಚ್ಚಿಲ್ಲ.

ನಲವತ್ತೊಂದರಲ್ಲಿ ಮೂವತ್ತೆಂಟು ಉದುರಿಹೋದವು.
ಉಳಿದ ಮೂರರಲ್ಲಿ ಒಂದು ನಮ್ಮಲ್ಲೂ ಇದೆ,
ಅದನ್ನು ಮುಚ್ಚಿದರೆ ಮೊದಲು ಆರುವವನು ಮಾವ.
ಎರಡು.
ಹೆಸರು ಹೇಳಲಾರೆ.
ನೀನು ಕೇಳಿಸಿಕೊಂಡೀಯೆ ಎಂದಲ್ಲ,
ಒಮ್ಮೆ ಬೇಗ ಕುಣಿದವಳ ನಾಚಿಕೆ.

ಹೆರ್ಲಿಂದಾ ಹೊಸ ತಟ್ಟೆಗಳಿಗೆ ದಿನಾಂಕ ಬರೆಯುತ್ತಿದ್ದಾಳೆ.
ನಿನ್ನೆ ಮಾವ ಫೋನು ಮಾಡಿದ್ದ,
ಅಟ್ಟದಿಂದ ಒಂದು ಹಲಗೆ ಇಳಿಸಿದನಂತೆ.
ಫೋನನ್ನು ಹತ್ತಿರ ಹಿಡಿದು ತಟ್ಟಿದ.
ಕೇಳಿತಾ, ಅಂದ.
ಕೇಳಿತು, ಅಂದೆ.
ತಟ್ಟಿದ್ದು ಮರವನ್ನೋ ಎದೆಯನ್ನೋ,
ಕೇಳಲಿಲ್ಲ.